ಗೋಡೆ ಪದ್ಧತಿ

ಹೊಸ ಮಿಕ್ಸರ್ ತಂದು ಡಬ್ಬಿ ಬಿಚ್ಚಿದರೆ ಒಳಗೊಂದು ಹಾಳೆ ಸಿಗುತ್ತದಲ್ಲ, ಇರುವೆ ಸಾಲಿನಂಥ ಅಕ್ಷರದ್ದು, ನೀವು ಓದದೆ ಪಕ್ಕಕ್ಕೆಸೆಯುವಂಥದ್ದು, ಅದನ್ನು ಬರೆಯುವ ಮಹಾನುಭಾವ ನಾನೇ. ಫ್ಯಾನು, ಇಸ್ತ್ರಿಪೆಟ್ಟಿಗೆ, ಮಡಚುವ ಕುರ್ಚಿ, ಹೀಗೆ ಮನುಷ್ಯ ಕೊಂಡು ತಂದು ಕೆಡಿಸಬಹುದಾದ ಎಲ್ಲ ವಸ್ತುಗಳಿಗೂ ನಾನು ಸೂಚನೆ ಬರೆದಿದ್ದೇನೆ. 'ದೊಡ್ಡ ತಿರುಪನ್ನು ಎಡಗಡೆಯ ರಂಧ್ರಕ್ಕೆ ಸೇರಿಸಿ, ಬಲಗಡೆಯದನ್ನು ಆಮೇಲೆ ನೋಡಿಕೊಳ್ಳಿ' ಎಂಬ ವಾಕ್ಯ ಓದಿ ನೀವು ಎಂದಾದರೂ ಹಲ್ಲು ಕಡಿದಿದ್ದರೆ, ಆ ಹೊತ್ತಿಗೆ ನನಗಿಲ್ಲಿ ಬಿಕ್ಕಳಿಕೆ ಬಂದಿರುತ್ತದೆ. ದಿನವೂ ಬರುತ್ತದೆ.

ಕೆಲಸ ಮನೆಯಲ್ಲೇ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಹಾಗಾಗಿ ಎಂಟು ವರ್ಷದ ಮಗಳ ವಿದ್ಯಾಭ್ಯಾಸ ನನ್ನ ಹೆಗಲಿಗೆ ಬಿತ್ತು.

ಶಾಲೆ ಬಿಡಿಸಿದ್ದು ನಾವೇ. ಅಲ್ಲಿ ಅವಳು ಒಂದು ಪ್ರಶ್ನೆ ಕೇಳುತ್ತಿದ್ದಳು, ಟೀಚರು ಉತ್ತರ ಹೇಳುತ್ತಿದ್ದರು. ಆ ಉತ್ತರದ ಬಾಲ ಹಿಡಿದು ಇನ್ನೊಂದು ಪ್ರಶ್ನೆ. ಅಷ್ಟು ಹೊತ್ತಿಗೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಮತ್ತೂ ಕೇಳಿದರೆ ಗೋಡೆ ಕಡೆ ಮುಖ ಮಾಡಿ ನಿಲ್ಲುವ ಶಿಕ್ಷೆ. ಒಟ್ಟಿನಲ್ಲಿ ನನ್ನ ಮಗಳು ಆ ಶಾಲೆಯಲ್ಲಿ ಕರಿಹಲಗೆಗಿಂತ ಗೋಡೆಯನ್ನೇ ಹೆಚ್ಚು ನೋಡಿದಳು. ಬೆಳಗಾದರೆ ಹೊಟ್ಟೆನೋವು, ಜ್ವರ, ಅಳು. ಒಂದು ದಿನ ಅವಳನ್ನು ಬಿಟ್ಟುಬರಲು ಹೋದ ನನ್ನ ಹೆಂಡತಿ, ಬಿಡದೆ ಕರೆದುಕೊಂಡೇ ವಾಪಸು ಬಂದಳು. ಶಿಕ್ಷಣ ಕಚೇರಿಯವರು ಒಂದು ಷರತ್ತಿನ ಮೇಲೆ ಮನೆಪಾಠಕ್ಕೆ ಒಪ್ಪಿದರು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ, ಪಾಠ ನೆಟ್ಟಗಿಲ್ಲ ಅಂದರೆ ಮತ್ತೆ ಅದೇ ಶಾಲೆ, ಅದೇ ಗೋಡೆ.

ಇನ್ನು ಕಾಗದದ ವಿಚಾರ. ಬಿಚ್ಚಿದ ಸೂಚನಾ ಹಾಳೆಯನ್ನು ಮತ್ತೆ ಮೊದಲಿನ ಹಾಗೆಯೇ ಮಡಚುವ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿರಲಿಲ್ಲ. ನನ್ನ ಮಗಳು ಹುಟ್ಟಿದಳು. ನಾಲ್ಕು ವರ್ಷದವಳಿದ್ದಾಗಲೇ ಹಾಳೆಯ ಗೆರೆಗಳ ಮೇಲೆ ಬೆರಳಾಡಿಸಿ, ಟಕಟಕ ಮಡಚಿ, ಡಬ್ಬಿಯೊಳಗೆ ತೂರಿಸಿ ಕೈ ಕೊಡವಿದಳು. ಅಲ್ಲಿಂದ ಶುರುವಾಯಿತು. ಬಸ್ ಟಿಕೆಟ್ಟು ಹದ್ದಾಯಿತು, ಔಷಧದ ಚೀಟಿ ಏಡಿಯಾಯಿತು, ಕರೆಂಟ್ ಬಿಲ್ಲು ಮೊಸಳೆಯಾಗಿ ಕಿಟಕಿಯ ಮೇಲೆ ಕೂತು ಕಟ್ಟುವ ದಿನಾಂಕ ದಾಟಿಹೋಯಿತು. ಒಂದು ಬೆಳಿಗ್ಗೆ ನನ್ನ ಇಸ್ತ್ರಿ ಮಾಡಿದ ಷರ್ಟನ್ನು ಬಿಚ್ಚಿ ನೋಡಿ ಆಮೆ ಮಾಡಿಟ್ಟಿದ್ದಳು. ಎಷ್ಟು ಮುದ್ದಾಗಿತ್ತೆಂದರೆ ಅದನ್ನು ಬಿಡಿಸಲು ಮನಸ್ಸಾಗದೆ ಸಂಜೆಯವರೆಗೆ ಬನಿಯನ್ನಿನಲ್ಲೇ ಕೂತಿದ್ದೆ.

ನನ್ನ ಪಾಠದ ಬಗ್ಗೆಯೂ ಹೇಳಬೇಕು. ಬೆಳಿಗ್ಗೆ ತಿಂಡಿ ಮುಗಿಸಿ ಕನ್ನಡಕ ಏರಿಸಿ ಗಂಭೀರವಾಗಿ ಕೂರುತ್ತಿದ್ದೆ.

"ಮಗಳೇ, ಈವತ್ತು ಭಿನ್ನರಾಶಿ. ಒಂದು ಹಾಳೇನ ಅರ್ಧ ಮಾಡಿದ್ರೆ..."

"ಅರ್ಧ, ಕಾಲು, ಅರೆಕಾಲು. ಗೊತ್ತಪ್ಪ. ಐದನೇ ಒಂದು ಭಾಗ ಹೇಗೆ ಮಡಚೋದು? ಸ್ಕೇಲ್ ಇಲ್ದೆ?"

ನಾನು ಹಾಳೆ ನೋಡಿದೆ. ಹಾಳೆ ನನ್ನನ್ನು ನೋಡಿತು. "ನಾಳೆ ಹೇಳ್ತೀನಿ," ಅಂದೆ.

ಇಂಥ ನಾಳೆಗಳು ನಮ್ಮ ಮನೆಯಲ್ಲಿ ರಾಶಿ ಬಿದ್ದಿದ್ದವು. ಹತ್ತು ಗಂಟೆಯಷ್ಟರಲ್ಲಿ ನನ್ನ ವಿದ್ಯೆಯೆಲ್ಲ ಖಾಲಿಯಾಗಿ, ಅವಳ ಪಾಳಿ ಶುರುವಾಗುತ್ತಿತ್ತು. ಆಮೇಲೆ ಅವಳು ಟೀಚರು, ನಾನು ವಿದ್ಯಾರ್ಥಿ. ಪಾಠ ಒಂದೇ: ಹಾರುವ ಕಪ್ಪೆ. ಚೌಕದ ಕಾಗದ ಮಡಚಿ ಕಾಲು ಕೈ ಮೂಡಿಸಿ, ಬೆನ್ನಿನ ತುದಿ ಒತ್ತಿ ಬಿಟ್ಟರೆ ಅವಳ ಕಪ್ಪೆ ಮೇಜು ಹಾರಿ, ಕುರ್ಚಿ ಹಾರಿ, ನನ್ನ ಚಹದ ಲೋಟಕ್ಕೆ ಬೀಳುತ್ತಿತ್ತು. ನನ್ನ ಕಪ್ಪೆ ಒತ್ತಿದ ತಕ್ಷಣ ಮೂತಿ ಅಡಿಯಾಗಿ ಮಲಗುತ್ತಿತ್ತು. ಊರಿಗೆಲ್ಲ ಸೂಚನೆ ಬರೆಯುವ ನನಗೆ ಸೂಚನೆ ಪಾಲಿಸಲು ಬಾರದು ಎಂಬ ಸತ್ಯ ನನ್ನ ಹೆಂಡತಿ, ಮಗಳು ಮತ್ತು ಆ ಕಪ್ಪೆಗಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಅಪ್ಪ, ಮೂಲೆಗೆ ಮೂಲೆ ಸೇರೋಕೆ ಮುಂಚೆನೇ ಒತ್ತಿಬಿಡ್ತೀಯ ನೀನು. ಭಾರೀ ಆತುರ. ಹೋಗು, ಗೋಡೆ ಕಡೆ ತಿರುಗಿ ನಿಂತ್ಕೋ."

"ಶಿಕ್ಷೇನಾ?"

"ಶಿಕ್ಷೆ ಅಲ್ಲಪ್ಪ! ಅಲ್ಲಿ ನಿಂತ್ರೆ ನಗೋರು ಯಾರೂ ಕಾಣಲ್ಲ. ಮನಸ್ಸಲ್ಲೇ ಮಡಚಿ ನೋಡಬಹುದು. ಸ್ಕೂಲಲ್ಲಿ ನಾನು ಹಾಗೇ ಕಲ್ತಿದ್ದು."

ನಾನು ಎದ್ದು, ಪುಸ್ತಕದ ಕಪಾಟಿಗೂ ಕಿಟಕಿಗೂ ನಡುವಿನ ಗೋಡೆಗೆ ಹಣೆ ಕೊಟ್ಟು, ಕೈ ಹಿಂದೆ ಕಟ್ಟಿ ನಿಂತೆ. ಅಂದಿನಿಂದ ದಿನವೂ ನಿಂತೆ. ಆ ಜಾಗದಲ್ಲಿ ನನ್ನ ಹಣೆಯ ಎಣ್ಣೆ ಹತ್ತಿ ಒಂದು ದುಂಡನೆಯ ಕಲೆಯೇ ಬಿತ್ತು.

ಆದರೆ ಕಿಟಕಿಗೆ ಪರದೆ ಇರಲಿಲ್ಲ. ಇದ್ದುದು ಮೊಸಳೆ, ಹದ್ದು, ಏಡಿಗಳು. ಅವುಗಳ ಸಂದಿಯಿಂದ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರ ಬಾಲ್ಕನಿ ಕಾಣುತ್ತಿತ್ತು. ಅಂದರೆ ಅವರಿಗೆ ನಾನು ಕಾಣುತ್ತಿದ್ದೆ.

ಹೆಡ್‌ಮಾಸ್ಟರು ನಿವೃತ್ತರಾಗಿದ್ದು ಶಾಲೆಯಿಂದ ಮಾತ್ರ. ಬೀದಿಯ ಎಲ್ಲ ಮನೆಗಳ ಹಾಜರಿಯನ್ನೂ ಬಾಲ್ಕನಿಯಿಂದಲೇ ತೆಗೆದುಕೊಳ್ಳುತ್ತಿದ್ದರು. ಮಗಳನ್ನು ಶಾಲೆ ಬಿಡಿಸಿದಾಗ ಅವರು ನನ್ನನ್ನು ಮೆಟ್ಟಿಲಲ್ಲೇ ನಿಲ್ಲಿಸಿ, "ನಿನಗೇನು ಗೊತ್ತಯ್ಯಾ ಪಾಠ ಮಾಡೋದು?" ಅಂತ ಜಾಡಿಸಿದ್ದರು. ಆಗ ನಾನು ಎದೆಯುಬ್ಬಿಸಿ, "ನನ್ನದೇ ಒಂದು ವೈಜ್ಞಾನಿಕ ಪದ್ಧತಿ ಇದೆ ಸಾರ್. ಕಾಗದ ಮಡಚೋದ್ರಿಂದ ಗಣಿತ. ನಾನೇ ಕಲಿಸ್ತಿದೀನಿ," ಅಂತ ರೈಲು ಬಿಟ್ಟಿದ್ದೆ. ಆ ರೈಲು ಇಷ್ಟು ದಿನ ಎಲ್ಲಿ ಓಡಾಡುತ್ತಿತ್ತೋ, ಒಂದು ಬೆಳಿಗ್ಗೆ ನೇರ ನಮ್ಮ ಬಾಗಿಲಿಗೇ ಬಂತು.

"ಏನಯ್ಯಾ ಇದು?" ಅಂದರು ಹೆಡ್‌ಮಾಸ್ಟರು, ಕೋಲಿನಿಂದ ಗೋಡೆಯ ಮೇಲಿನ ಹಣೆಯ ಕಲೆಯನ್ನು ತೋರಿಸುತ್ತ. "ದಿನಾ ನೋಡ್ತಿದೀನಿ. ಗಂಡಸು ಗೋಡೆಗೆ ಮುಖ ಕೊಟ್ಟು ನಿಂತಿರ್ತಾನೆ, ಮಗು ಮೇಜಿನ ಮೇಲೆ ಕೂತು ಕಾಲಾಡಿಸ್ತಿರುತ್ತೆ. ಕೆಲಸ ಹೋಯ್ತೋ? ಹೆಂಡತಿ ಬೈದಳೋ?"

ನಿಜ ಹೇಳಿಬಿಡಬಹುದಿತ್ತು. ಆದರೆ ಬಾಯಿಗೆ ಅಭ್ಯಾಸವಾದದ್ದು ಬೇರೆ. "ಅದೇ ಸಾರ್, ಪದ್ಧತಿ," ಅಂದೆ.

"ಯಾವ ಪದ್ಧತಿ?"

"ಗೋಡೆ ಪದ್ಧತಿ. ಪಾಠಕ್ಕೆ ಮುಂಚೆ ಗುರುವಾದವನು ತನ್ನ ಮನಸ್ಸನ್ನ ಶುದ್ಧ ಮಾಡ್ಕೋಬೇಕು. ಮೊದಲು ಪಾದಗಳನ್ನು ಒಂದು ಗೇಣು ದೂರ ಇಡಿ. ಕೈಗಳನ್ನು ಬೆನ್ನ ಹಿಂದೆ ಜೋಡಿಸಿ. ಹಣೆಯನ್ನು ಸಮತಟ್ಟಾದ ಮೇಲ್ಮೈಗೆ ತಾಗಿಸಿ. ಒದ್ದೆ ಗೋಡೆಯ ಮೇಲೆ ಬಳಸಬೇಡಿ."

ನನ್ನ ವೃತ್ತಿಯ ಭಾಷೆ ತಾನಾಗಿಯೇ ನಾಲಿಗೆಗೆ ಬಂದು ಕೂತಿತ್ತು. ಹೆಡ್‌ಮಾಸ್ಟರ ಹುಬ್ಬು ನಿಧಾನವಾಗಿ ಕೆಳಗಿಳಿಯಿತು. ಅಚ್ಚಿನಲ್ಲಿರುವಂತೆ ಕೇಳುವ ಮಾತನ್ನು ಅವರು ಜೀವಮಾನದಲ್ಲಿ ಎಂದೂ ಅನುಮಾನಿಸಿದವರಲ್ಲ.

"ಹೊರದೇಶದ್ದಾ?"

"ಎಲ್ಲಾ ದೇಶದಲ್ಲೂ ಗೋಡೆ ಇದೆಯಲ್ಲ ಸಾರ್."

ಅವರು ಕೋಲನ್ನು ನನ್ನ ಕೈಗೆ ಕೊಟ್ಟು, ಪಾದ ಒಂದು ಗೇಣು ದೂರವಿಟ್ಟು, ನನ್ನದೇ ಕಲೆಯ ಮೇಲೆ ಹಣೆಯಿಟ್ಟು ನಿಂತರು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ, "ಕುತ್ತಿಗೆ ಹಗುರಾಯ್ತಯ್ಯಾ," ಅಂದರು. ಮೇಜಿನ ಮೇಲಿದ್ದ ನನ್ನ ಮಗಳು ಅವರನ್ನೇ ಮರುಕದಿಂದ ನೋಡುತ್ತಿದ್ದಳು. ಅವರು ಹೋದ ಮೇಲೆ, "ಪಾಪ, ಅವ್ರಿಗೂ ಕಪ್ಪೆ ಬರಲ್ವಾ?" ಅಂತ ಕೇಳಿದಳು.

ಆಮೇಲೆ ಅದು ನನ್ನ ಕೈ ಮೀರಿತು. ಕೆಳಗಿನ ಅಂಗಡಿಯ ಟೈಲರು ಬಟ್ಟೆ ಕತ್ತರಿಸುವ ಮುಂಚೆ ಗೋಡೆಗೆ ಹಣೆಯಿಡಲು ಶುರುಮಾಡಿದ. ಬಂದ ಗಿರಾಕಿಗಳು, ಇವನೇನು ಗೋಡೆಗೆ ಅಳತೆ ತೆಗೀತಿದಾನಾ ಅಂತ ಕಾದು ಕಾದು ವಾಪಸಾದರು. ಮೇಲಿನ ಮನೆಯ ಆಂಟಿ ಗಂಡನನ್ನು ಮೆಟ್ಟಿಲ ತಿರುವಿನಲ್ಲಿ ಬೆಳಿಗ್ಗೆ ಸಂಜೆ ನಿಲ್ಲಿಸತೊಡಗಿದರು.

"ಏನೋ ಅಂದ್ಕೊಂಡಿದ್ದೆ, ಭಾರೀ ಗುಣ ಇದೆ ನಿಮ್ಮ ಪದ್ಧತೀಲಿ," ಅಂದರು ನನಗೆ ಮೆಟ್ಟಿಲಲ್ಲಿ ಸಿಕ್ಕು. "ನಮ್ಮನೆಯವ್ರು ಈಗ ಬಾಯೇ ತೆರೆಯಲ್ಲ!"

ಗೋಡೆಯ ಕಡೆಯಿಂದ ಅವರ ಗಂಡ ಏನೋ ಗೊಣಗಿದರು. "ಮಾತಾಡಬಾರದು, ಶುದ್ಧಿ ಕೆಡುತ್ತೆ," ಅಂದರು ಆಂಟಿ.

ಸುದ್ದಿ ಊರಾಚೆ ಇರುವ ನನ್ನ ಅಕ್ಕನನ್ನೂ ಮುಟ್ಟಿತು. ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಬಂದು, ತಮ್ಮನಿಗೆ ತಲೆ ಕೆಟ್ಟು ಗೋಡೆ ಜತೆ ಮಾತಾಡುತ್ತಾನೆ ಅಂತ ಆಗಿತ್ತು. ಅಕ್ಕ ಚೀಲ ಹಿಡಿದು ಒಳಗೆ ಬಂದವಳೇ ನನ್ನ ಹಣೆ ಮುಟ್ಟಿ ನೋಡಿದಳು, ಗೋಡೆ ಮುಟ್ಟಿ ನೋಡಿದಳು, ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದಳು.

"ನಿಜ ಹೇಳಮ್ಮ. ನೀನೇ ನಿಲ್ಲಿಸ್ತೀಯಂತೆ ಇವನ್ನ?"

"ನಾನು ನಿಲ್ಲಿಸೋ ಹಾಗಿದ್ರೆ ಮದುವೆಯಾದ ವರ್ಷವೇ ನಿಲ್ಲಿಸ್ತಿದ್ದೆ ಅತ್ತಿಗೆ," ಅಂದಳು ಹೆಂಡತಿ, ಬೂಟು ಬಿಚ್ಚುತ್ತ. "ಇಷ್ಟು ದಿನ ಕಾಯ್ತಿರಲಿಲ್ಲ."

ಅಕ್ಕ ಹೋದ ಮೇಲೆ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. ಲ್ಯಾಬಿನಲ್ಲಿ ರಕ್ತದ ಹನಿಯನ್ನು ನೋಡುವ ನೋಟದಿಂದಲೇ ನನ್ನನ್ನೂ ನೋಡಿದಳು. "ಬುರುಡೆ ಬಿಟ್ಟಿದ್ದು ಸಾಕು. ನಾಳೆ ಆ ಹೆಡ್‌ಮಾಸ್ಟರ ಹತ್ರ ಹೋಗಿ ಸತ್ಯ ಹೇಳ್ಬಿಡಿ. ಇದು ನಮ್ಮ ಮಗಳ ಬುಡಕ್ಕೆ ಬರೋ ಮುಂಚೆ."

"ನಾಳೆ ಹೇಳ್ತೀನಿ," ಅಂದೆ. ಆ ಮಾತು ನನಗೆ ಚೆನ್ನಾಗಿ ರೂಢಿಯಾಗಿತ್ತು.

ಮರುದಿನ ನಾನು ಅವರ ಮನೆಗೆ ಹೋಗುವ ಮೊದಲೇ ಅವರೇ ಬಂದರು. ಮುಖ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಒಳ್ಳೇ ಸುದ್ದಿ ಕಣಯ್ಯಾ! ಶಿಕ್ಷಣ ಕಚೇರಿಗೆ ನಾನೇ ಖುದ್ದಾಗಿ ಹೋಗಿದ್ದೆ. ನಿನ್ನ ಪದ್ಧತಿ, ನಿನ್ನ ಕಾಗದದ ವಿದ್ಯೆ, ಎಲ್ಲಾ ವಿವರವಾಗಿ ಹೇಳಿದೆ. ಇನ್‌ಸ್ಪೆಕ್ಟರು ಈ ವಾರದಲ್ಲೇ ಬರ್ತಾರೆ. ಯಾವ ದಿನ ಅಂತ ಹೇಳಲ್ಲ, ಅವರ ರೀತಿ ಅದು."

"ಮಗಳನ್ನ ನೋಡೋಕಲ್ವಾ ಸಾರ್?"

"ಅವಳದು ಇದ್ದೇ ಇದೆ. ಶಿಷ್ಯೆಯ ಕಪ್ಪೆಯೇ ಹೀಗೆ ಹಾರಿದ್ರೆ ಗುರುವಿಂದು ಹೇಗಿರಬೇಡ ಅಂದೆ. ಹಾಗಾದ್ರೆ ಅವನೇ ನನ್ನ ಕಣ್ಣೆದುರು ಮಡಚಿ ತೋರಿಸಲಿ ಅಂದ್ರು. ತನಗೆ ಬಾರದ್ದನ್ನ ಮಕ್ಕಳಿಗೆ ಹೇಳಿಕೊಡೋ ಕಳ್ಳರನ್ನ ಕಂಡ್ರೆ ಅವರಿಗೆ ಮೈಯೆಲ್ಲಾ ಉರಿ. ಒಂದು ನಿಮಿಷ ಇಟ್ಕೊಳ್ಳಲ್ಲ, ನೇರ ಸ್ಕೂಲಿಗೇ ಕಳಿಸೋದು. ನಿನಗೇನು ಬಿಡು, ಭಯವಿಲ್ಲ!"

ಹಲ್ಲು ಗಿಂಜಿ ಅವರನ್ನು ಬಾಗಿಲವರೆಗೆ ಬಿಟ್ಟುಬಂದೆ. ತಿರುಗಿ ನೋಡಿದರೆ ಮಗಳು ಎದುರಿಗೇ ನಿಂತಿದ್ದಳು.

"ಅಪ್ಪ, ಇನ್‌ಸ್ಪೆಕ್ಟರು ಯಾಕೆ ಬರ್ತಾರೆ?"

"ಈ ಮನೇಲಿ ಪಾಠ ಸರಿಯಾಗಿ ಆಗ್ತಿದೆಯಾ ಅಂತ ನೋಡೋಕೆ."

"ಆಗ್ತಿಲ್ಲ ಅಂದ್ರೆ?"

"ಮತ್ತೆ ಸ್ಕೂಲು," ಅಂದೆ. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

ಅವಳು ಮೇಜಿನ ಮೇಲೆ ಮೂತಿ ಅಡಿಯಾಗಿ ಬಿದ್ದಿದ್ದ ನನ್ನ ಕಪ್ಪೆಗಳನ್ನು ನೋಡಿದಳು. ನನ್ನನ್ನು ನೋಡಿದಳು. ಮುಖ ಸಣ್ಣದಾಯಿತು. ಹತ್ತಿರ ಬಂದು ನನ್ನ ಬೆರಳು ಹಿಡಿದು, "ಭಯ ಪಡಬೇಡಪ್ಪ, ನಾನಿದೀನಿ," ಅಂದಳು. ಎಂಥ ಧೈರ್ಯವಂತೆ ನನ್ನ ಮಗಳು ಅಂದುಕೊಂಡೆ. ಅವಳು ಯಾರ ಸಲುವಾಗಿ ಹೆದರಿದ್ದಾಳೆಂದು ನನ್ನ ಮಂದ ಬುದ್ಧಿಗೆ ಹೊಳೆಯಲಿಲ್ಲ.

ಆ ವಾರ ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡಿದೆ. ಮಗಳ ಗ್ಲೋಬನ್ನು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಮತ್ತೆ ಕಿಟಕಿಗೆ ಸಾಗಿಸಿದೆ. ಬೆಲ್ಲು ಬಡಿದರೆ ಸಾಕು, ಇನ್‌ಸ್ಪೆಕ್ಟರೇ ಅಂದುಕೊಳ್ಳುತ್ತಿದ್ದೆ. ಹಾಲಿನವನು ಬಂದಾಗ ಮಗಳ ಕೈಗೆ ವಿಜ್ಞಾನದ ಪುಸ್ತಕ ತುರುಕಿದೆ. ಆಂಟಿ ಸಕ್ಕರೆ ಕೇಳಲು ಬಂದಾಗ ಕರಿಹಲಗೆಯ ಮೇಲೆ ತ್ರಿಕೋನ ಬರೆದೆ. ಉಳಿದ ಹೊತ್ತೆಲ್ಲ ಕಪ್ಪೆ. ಚಹ ಕುಡಿಯುತ್ತ ಕಪ್ಪೆ, ಹಲ್ಲುಜ್ಜುತ್ತ ಕಪ್ಪೆ. ಬರೆಯಬೇಕಿದ್ದ ನೀರಿನ ಪಂಪಿನ ಸೂಚನೆಯಲ್ಲಿ 'ಈಗ ಹಿಂಗಾಲುಗಳನ್ನು ಹೊರಕ್ಕೆ ಮಡಚಿ' ಅಂತ ಬರೆದು ಕಳಿಸಿಬಿಟ್ಟಿದ್ದೆ. ಕಂಪನಿಯವರು ಫೋನ್ ಮಾಡಿ, ಪಂಪಿಗೆ ಹಿಂಗಾಲು ಎಲ್ಲಿದೆ ಅಂತ ವಿನಯದಿಂದ ಕೇಳಿದರು.

ವಾರದ ನಡುವೆ ಒಬ್ಬ ಬಂದ. ಕಂಕುಳಲ್ಲಿ ಚರ್ಮದ ಚೀಲ, ಕಿವಿಯ ಮೇಲೆ ಪೆನ್ನು, ಮುಖದಲ್ಲಿ ಸರ್ಕಾರ. "ಆಫೀಸಿಂದ ಬಂದಿದೀನಿ, ನೋಡ್ಕೊಂಡು ಹೋಗ್ಬೇಕು," ಅಂದ. ನಾನು ಅವನನ್ನು ಕೈಹಿಡಿದು ಒಳಗೆ ಕರೆತಂದು, ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಚಹ ಕೊಟ್ಟು, ಮಕ್ಕಳ ಮನಸ್ಸು, ಕಾಗದದ ಗುಣ, ಗೋಡೆಯ ಮಹಿಮೆ ಎಲ್ಲವನ್ನೂ ಉಸಿರು ಬಿಡದೆ ವಿವರಿಸಿದೆ. ಅವನು ಚಹ ಮುಗಿಸಿ ಲೋಟ ಕೆಳಗಿಟ್ಟ.

"ಎಲ್ಲಾ ಸರಿ ಸಾರ್," ಅಂದ. "ಮೀಟರ್ ಎಲ್ಲಿದೆ?"

ಕರೆಂಟಿನವನು! ಮೆಟ್ಟಿಲ ಕೆಳಗಿನ ಮೀಟರನ್ನು ತೋರಿಸಿ ಇಂಗು ತಿಂದ ಮಂಗನ ಹಾಗೆ ವಾಪಸು ಬಂದೆ. ಇನ್ನು ಮೇಲೆ ಮಾತ್ರ ಯಾರ ಕೈಲೂ ಬೇಸ್ತು ಬೀಳುವುದಿಲ್ಲ ಎಂದು ಶಪಥ ಮಾಡಿದೆ. ನಾನು ಮಾಡಿದ ಶಪಥಗಳಲ್ಲಿ ಪಾಲಿಸಿದ್ದು ಅದೊಂದೇ.

ಪಾಲಿಸಿ ಕೆಟ್ಟೆ. ಮರುದಿನ ನಾನು ಮತ್ತೊಂದು ಬಿದ್ದ ಕಪ್ಪೆಯ ತಪ್ಪಿಗೆ ಗೋಡೆ ನೋಡುತ್ತ ನಿಂತಿದ್ದಾಗ ಬೆಲ್ಲಾಯಿತು. ಮಗಳು ಬಾಗಿಲು ತೆರೆದಳು. ಗಂಡಸಿನ ದನಿ.

"ಕಚೇರಿಯಿಂದ ಬಂದಿದೀನಿ. ನೋಡ್ಕೊಂಡು ಹೋಗಬೇಕಿತ್ತು."

"ಮೆಟ್ಟಿಲ ಕೆಳಗಿದೆ, ನೋಡ್ಕೊಂಡು ಹೋಗ್ರೀ," ಅಂದೆ, ತಿರುಗದೆಯೇ.

"ಮೆಟ್ಟಿಲ ಕೆಳಗಾ?"

"ಹೂಂ. ಕತ್ತಲಿರುತ್ತೆ, ಬಗ್ಗಿ ನೋಡಿ. ಜೇಡರ ಬಲೆ ಹುಷಾರು."

ಹೆಜ್ಜೆ ಸಪ್ಪಳ ಅನುಮಾನದಿಂದ ಕೆಳಗಿಳಿಯಿತು. ಬೇಸ್ತು ಬೀಳದ ಹೆಮ್ಮೆಯಲ್ಲಿ ನಾನು ಕಣ್ಣು ಮುಚ್ಚಿ ಹಿಂಗಾಲುಗಳನ್ನು ಮನಸ್ಸಿನಲ್ಲೇ ಮಡಚಿದೆ. ಆಗ ಬೀದಿಯಿಂದ ಹೆಡ್‌ಮಾಸ್ಟರ ಕೂಗು ಕೇಳಿತು.

"ಏಯ್! ಇನ್‌ಸ್ಪೆಕ್ಟರನ್ನ ಮೆಟ್ಟಿಲ ಕೆಳಗೆ ಯಾಕಯ್ಯಾ ಕೂರಿಸಿದೀಯ?"

ನಾನು ಮೆಟ್ಟಿಲಿಳಿದೆನೋ ಉರುಳಿದೆನೋ ನೆನಪಿಲ್ಲ. ಕೆಳಗೆ ಇನ್‌ಸ್ಪೆಕ್ಟರು ಬೋಳು ತಲೆಯ ಮೇಲೆ ಬಲೆ ಹೊತ್ತು, ಕನ್ನಡಕ ಒರೆಸಿಕೊಳ್ಳುತ್ತ ಹೊರಬರುತ್ತಿದ್ದರು. ಪಕ್ಕದ ಅಂಗಡಿಯಲ್ಲಿ ಟೈಲರು ಗೋಡೆಗೆ ಹಣೆಯಿಟ್ಟು ನಿಂತಿದ್ದ. ಮೆಟ್ಟಿಲ ತಿರುವಿನಲ್ಲಿ ಆಂಟಿಯ ಗಂಡ ಗೋಡೆಗೆ ಹಣೆಯಿಟ್ಟು ನಿಂತಿದ್ದರು. ಇನ್‌ಸ್ಪೆಕ್ಟರು ಇವರನ್ನು ನೋಡಿದರು, ಅವರನ್ನು ನೋಡಿದರು, ನನ್ನ ಹಣೆಗೆ ಹತ್ತಿದ್ದ ಸುಣ್ಣವನ್ನೂ ನೋಡಿದರು.

"ಈ ಕಟ್ಟಡದಲ್ಲಿ ಎಲ್ಲರೂ ಆರೋಗ್ಯವಾಗಿದೀರಾ?" ಅಂತ ಮೆಲ್ಲನೆ ಕೇಳಿದರು.

"ಪದ್ಧತಿ ಸಾರ್, ಪದ್ಧತಿ!" ಅಂದರು ಹೆಡ್‌ಮಾಸ್ಟರು ಏದುಸಿರು ಬಿಡುತ್ತ. "ನಾನು ಹೇಳಿರಲಿಲ್ವೇ?"

ಮನೆಯೊಳಗೆ ಇನ್‌ಸ್ಪೆಕ್ಟರು ಮೇಜಿನ ಮುಂದೆ ಕೂತರು. ಹೆಡ್‌ಮಾಸ್ಟರು ನನ್ನನ್ನು ತಾವೇ ಹೆತ್ತವರ ಹಾಗೆ ಪಕ್ಕದಲ್ಲಿ ಕೂತರು. ಬಾಗಿಲಲ್ಲಿ ಟೈಲರು, ಆಂಟಿ, ಶುದ್ಧಿ ಅರ್ಧಕ್ಕೆ ಬಿಟ್ಟು ಬಂದ ಆಂಟಿಯ ಗಂಡ. ಮಗಳು ಮೇಜಿನ ಮೂಲೆ ಹಿಡಿದು ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದಳು. ಇನ್‌ಸ್ಪೆಕ್ಟರು ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಮಡಚಿ. ಹಾರಬೇಕಂತೆ."

ನನ್ನ ಬೆರಳುಗಳು ಆ ಹೊತ್ತಿಗೆ ಬೇರೆ ಯಾರದೋ ಆಗಿದ್ದವು. ಬೆವರಿಗೆ ಕಾಗದ ಒದ್ದೆಯಾಯಿತು. ಮೂಲೆಗೆ ಮೂಲೆ ಸೇರುವ ಮುಂಚೆಯೇ ಒತ್ತಿದೆ. ಮಗಳು ಉಸಿರೊಳಗೇ "ಆತುರ, ಆತುರ" ಅಂದಳು. ಕೊನೆಗೂ ಕಪ್ಪೆಯಂಥದ್ದೊಂದು ತಯಾರಾಯಿತು. ಬೆನ್ನು ಒತ್ತಿ ಬಿಟ್ಟೆ. ಕಪ್ಪೆ ಒಂದು ಕ್ಷಣ ಯೋಚಿಸಿ, ಮೂತಿ ಅಡಿಯಾಗಿ ಮಲಗಿತು.

"ಅಯ್ಯೋ ಸತ್ತೋಯ್ತು," ಅಂದ ಟೈಲರು.

ಇನ್‌ಸ್ಪೆಕ್ಟರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದನ್ನೇ ಏನ್ರೀ ನೀವು ಕಲಿಸಿದ್ದು?"

ಹೆಡ್‌ಮಾಸ್ಟರ ಮುಖ ಹಳೆಯ ಪಾತ್ರೆಯಂತಾಯಿತು.

"ಒಂದು ಕಪ್ಪೆ ಮಾಡೋಕೆ ಬರಲ್ಲ, ಅದಕ್ಕೊಂದು ಪದ್ಧತಿ ಬೇರೆ," ಅಂದರು ಇನ್‌ಸ್ಪೆಕ್ಟರು, ಎದ್ದು ನಿಲ್ಲುತ್ತ. "ಇದರಲ್ಲಿ ಯೋಚನೆ ಮಾಡೋದೇನಿಲ್ಲ. ನಾಳೆಯಿಂದ ಸ್ಕೂಲೇ ಸರಿ."

ಸಂಜೆ ಹೆಂಡತಿ ಬಂದಾಗ ಯಾವ ಬಾಯಲ್ಲಿ ಹೇಳಲಿ ಅಂತ ನಾನು ತತ್ತರಿಸುತ್ತಿರುವಾಗಲೇ, ಮಗಳು ಓಡಿಬಂದು ನನಗೂ ಇನ್‌ಸ್ಪೆಕ್ಟರಿಗೂ ನಡುವೆ ಎರಡೂ ಕೈ ಚಾಚಿ ನಿಂತಳು.

"ಬೇಡ ಸಾರ್! ಅಪ್ಪನ್ನ ಸ್ಕೂಲಿಗೆ ಕಳಿಸ್ಬೇಡಿ!"

ಇನ್‌ಸ್ಪೆಕ್ಟರು ಬಗ್ಗಿ, "ಯಾರನ್ನಮ್ಮಾ?" ಅಂದರು.

"ಅಪ್ಪನ್ನ. ಅಪ್ಪ ಸ್ಕೂಲಲ್ಲಿ ಇರೋಕಾಗಲ್ಲ. ಒಂದೇ ಸಲಕ್ಕೆ ಅರ್ಥ ಆಗಲ್ಲ ಅಪ್ಪಂಗೆ. ಅಲ್ಲಿ ಒಂದೇ ಸಲ ಹೇಳೋದು. ಇನ್ನೊಂದು ಸಲ ಕೇಳಿದ್ರೆ ಎಲ್ಲಾರೂ ನಗ್ತಾರೆ. ಆಮೇಲೆ ಹೊಟ್ಟೆನೋವು ಬರುತ್ತೆ, ಯಾರಿಗೂ ಹೇಳೋಕಾಗಲ್ಲ." ಚಾಚಿದ ಕೈಗಳನ್ನು ಅವಳು ಇಳಿಸಲಿಲ್ಲ. "ನಾನೇ ಕಲಿಸ್ತೀನಿ ಸಾರ್. ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ನಾನು ನಗಲ್ಲ."

ನನಗೆ ಅಳು ಬಂತು. ಬಂದದ್ದನ್ನು ತಡೆಯಲಿಲ್ಲ. ಹೆಡ್‌ಮಾಸ್ಟರು ಕೋಲಿನ ಹಿಡಿಯನ್ನೇ ಒರೆಸುತ್ತ ಕೂತರು. ಅವರೂ ಎಷ್ಟೋ ಮಕ್ಕಳನ್ನು ಗೋಡೆಗೆ ನಿಲ್ಲಿಸಿದವರು. ಆಂಟಿ ಮಾತ್ರ ಗಂಡನ ಕಿವಿಯಲ್ಲಿ, "ಅಂದ್ರೆ ಪದ್ಧತಿ ಸುಳ್ಳಾ?" ಅಂದರು. "ನಾನು ಮೊದಲ ದಿನವೇ ಹೇಳೋಕೆ ಬಂದೆ," ಅಂದರು ಗಂಡ.

ಇನ್‌ಸ್ಪೆಕ್ಟರು ಮತ್ತೆ ಕೂತರು. ಈ ಸಲ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಕೂತರು.

"ಅಂದ್ರೆ, ಈ ಮನೇಲಿ ಟೀಚರು ನೀನು."

"ಹತ್ತು ಗಂಟೆವರೆಗೆ ಅಪ್ಪ. ಆಮೇಲೆ ನಾನು."

"ಈ ವಿದ್ಯಾರ್ಥಿ ಇಷ್ಟು ತಪ್ಪು ಮಾಡ್ತಾನಲ್ಲಮ್ಮ, ಇವನು ಉದ್ಧಾರ ಆಗ್ತಾನೆ ಅಂತ ನಿನಗೆ ನಂಬಿಕೆ ಇದೆಯಾ?"

ಅವಳು ಒಂದು ಉದ್ದನೆಯ ಕಾಗದದ ಪಟ್ಟಿ ತೆಗೆದುಕೊಂಡಳು. "ನೋಡಿ ಸಾರ್. ಇದನ್ನ ಸ್ಕೇಲ್ ಇಲ್ದೆ ಐದು ಸಮ ಭಾಗ ಮಾಡ್ಬೇಕು. ಮೊದಲು ಅಂದಾಜಿಗೆ ಒಂದು ಗುರುತು ಹಾಕ್ಕೋಬೇಕು. ಅದು ತಪ್ಪೇ. ಪರವಾಗಿಲ್ಲ. ಉಳಿದಿದ್ದನ್ನ ಅರ್ಧ ಮಾಡಿದ್ರೆ ತಪ್ಪೂ ಅರ್ಧ ಆಗುತ್ತೆ. ಆ ಕಡೆಯಿಂದ ಅರ್ಧ, ಈ ಕಡೆಯಿಂದ ಅರ್ಧ. ಮಡಚ್ತಾ ಮಡಚ್ತಾ ಬಂದ್ರೆ ತಪ್ಪು ಎಷ್ಟು ಚಿಕ್ಕದಾಗುತ್ತೆ ಅಂದ್ರೆ, ಕಣ್ಣಿಗೇ ಕಾಣಲ್ಲ." ಪಟ್ಟಿ ಬಿಚ್ಚಿ ಹಿಡಿದಳು. ಐದು ಭಾಗಗಳು ಅಕ್ಕಪಕ್ಕ ಅಚ್ಚುಕಟ್ಟಾಗಿ ಕೂತಿದ್ದವು. "ಅಪ್ಪನ ತಪ್ಪೂ ಹಾಗೇನೇ ಸಾರ್. ಟೈಮ್ ಬೇಕು ಅಷ್ಟೇ."

ಇನ್‌ಸ್ಪೆಕ್ಟರು ಪಟ್ಟಿಯನ್ನು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಬೆರಳಲ್ಲಿ ಅಳೆದರು. "ಯಾರು ಹೇಳಿಕೊಟ್ರು ಇದನ್ನ?"

"ಅಪ್ಪನ್ನ ಕೇಳಿದೆ, ನಾಳೆ ಹೇಳ್ತೀನಿ ಅಂದ್ರು. ನಾಳೆ ಬರಲೇ ಇಲ್ಲ. ಅದಕ್ಕೆ ನಾನೇ ಕಂಡುಹಿಡಿದೆ."

"ಇನ್ನೊಂದು ಹೊಸ ಪಟ್ಟಿ ಇದೆಯಾ?" ಅಂದರು ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡು.

ಕೊಟ್ಟಳು. ಅವರು ಮಡಚಿದರು, ಬಿಚ್ಚಿದರು. ಐದರ ಬದಲು ಆರು ಭಾಗ, ಅದರಲ್ಲೊಂದು ನೆಪಕ್ಕೆ ಮಾತ್ರ. ಇನ್ನೊಂದು ಪಟ್ಟಿ ಕೇಳಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಅದೂ ಕೆಟ್ಟಿತು. ನನ್ನ ಮಗಳು ತಾಳ್ಮೆಯಿಂದ ನೋಡಿ, ತಲೆಯಾಡಿಸಿ, "ನೀವೂ ಅಪ್ಪನ ಹಾಗೇ ಆತುರ ಮಾಡ್ತೀರ ಸಾರ್," ಅಂದಳು. ಅವಳ ಕಣ್ಣು ಗೋಡೆಯ ಕಡೆ ಹೋಯಿತು.

ನಾನು ನಾಲಿಗೆ ಕಚ್ಚಿಕೊಂಡೆ. ಇನ್‌ಸ್ಪೆಕ್ಟರು ಅವಳನ್ನು ನೋಡಿದರು. ಕಲೆಯನ್ನು ನೋಡಿದರು. ಬಾಗಿಲಲ್ಲಿ ನೆರೆದಿದ್ದ ಜನರನ್ನೂ ನೋಡಿದರು. ಆಮೇಲೆ ಎದ್ದು ಹೋಗಿ, ಪಾದ ಒಂದು ಗೇಣು ದೂರವಿಟ್ಟು, ಕೈ ಹಿಂದೆ ಕಟ್ಟಿ, ಗೋಡೆಗೆ ಹಣೆ ಕೊಟ್ಟು ನಿಂತರು. ಬೋಳು ತಲೆಯ ಮೇಲೆ ಜೇಡರ ಬಲೆ ಇನ್ನೂ ಇತ್ತು.

"ಬರ್ಕೊಳ್ಳಿ," ಅಂದರು ಗೋಡೆಯ ಕಡೆಯಿಂದ, ಪಕ್ಕದಲ್ಲಿ ಗುಮಾಸ್ತನಿದ್ದಾನೆಂಬ ರೂಢಿಯಲ್ಲಿ. "ಟೀಚರು ಉತ್ತಮ. ವಿದ್ಯಾರ್ಥಿ ಶುದ್ಧ ದಡ್ಡ. ಇಂಥವನನ್ನ ಸ್ಕೂಲಿಗೆ ಕಳಿಸಿದ್ರೆ ಸ್ಕೂಲಿಗೇ ಕಷ್ಟ. ಮನೇಲೇ ಮುಂದುವರಿಸಲಿ. ಮುಂದಿನ ವರ್ಷ ಬಂದು ನೋಡ್ತೀನಿ."

ಸಂತೋಷದಲ್ಲಿ ನಾನು ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ ಮೇಜಿನ ಮೇಲೆ ಸತ್ತು ಬಿದ್ದಿದ್ದ ಕಪ್ಪೆಯನ್ನು ಎತ್ತಿ, ನೆಟ್ಟಗೆ ಕೂರಿಸಿ, ಬೆನ್ನು ಒತ್ತಿದೆ. ಅದು ಟಣ್ಣನೆ ಹಾರಿತು. ಮುಂದಕ್ಕಲ್ಲ, ಹಿಂದಕ್ಕೆ. ನನ್ನ ಭುಜ ದಾಟಿ, ಹೆಡ್‌ಮಾಸ್ಟರ ಮೂಗಿನ ಮುಂದೆ ಹಾದು, ನೇರ ಹೋಗಿ ಇನ್‌ಸ್ಪೆಕ್ಟರ ಹಿಂದಲೆಗೆ ಬಡಿದು ಅವರ ಕಾಲರಿನೊಳಗೆ ಇಳಿಯಿತು.

"ಹಾರಿತು!" ಅಂತ ಕೂಗಿದೆ. "ಟೀಚರ್, ಹಾರಿತು!"

ಮಗಳು ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. ಇನ್‌ಸ್ಪೆಕ್ಟರು ಕಾಲರಿನಲ್ಲಿ ಕೈಯಾಡಿಸುತ್ತಿದ್ದರು, ಆದರೆ ಗೋಡೆ ಬಿಟ್ಟು ಕದಲಲಿಲ್ಲ, ಮನಸ್ಸಿನೊಳಗೆ ಇನ್ನೂ ಐದು ಭಾಗ ಮುಗಿದಿರಲಿಲ್ಲ. ಅವಳು ಮುಖವೆತ್ತಿ ನನ್ನನ್ನು ನೋಡಿ, ನಗದೆ, ಗಂಭೀರವಾಗಿ ಹೇಳಿದಳು:

"ಅರ್ಧ ತಪ್ಪು ಹೋಯ್ತಪ್ಪ. ಇನ್ನರ್ಧ ನಾಳೆ ನೋಡೋಣ."